ಕೈ ಒಳ್ಳೇದು

"ಎಷ್ಟಕ್ಕೆ ಮಾರಿದೆ ನನ್ನ?"

ಬಾಗಿಲು ತೆರೆದ ಗುಬ್ಬಿಯ ಮೊದಲ ಮಾತೇ ಇದು. ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ. ಅವಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿ ಸೀಳಿತ್ತು. ಕುತ್ತಿಗೆಯ ಎರಡೂ ಬದಿಯಲ್ಲಿ ಬೆರಳು ಒತ್ತಿದ ಕಪ್ಪು ಗುರುತು.

ಟೀಚರ್ ಹೊಸ್ತಿಲಾಚೆಯೇ ನಿಂತಳು. ಅವಳು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ. ದಪ್ಪ ಕನ್ನಡಕ ಹಾಕುತ್ತಾಳೆ. ಕೆಲಸಕ್ಕೆ ಹೊಸದಾಗಿ ಬಂದವರನ್ನು ಎದುರು ಕೂರಿಸಿಕೊಂಡು ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಬುದ್ಧಿ ಹೇಳುತ್ತಾಳೆ. ಅದಕ್ಕೆ ಅಂಟಿದ ಹೆಸರು. ಗುಬ್ಬಿಗೂ ಹಾಗೆ ಬುದ್ಧಿ ಹೇಳಿದವಳು ಅವಳೇ.

"ಯಾರು ಹೊಡೆದಿದ್ದು?"

"ನೀನು ಕಳಿಸಿದವನು."

"ನಾನು ಯಾರನ್ನೂ ಕಳಿಸಿಲ್ಲ ಕಣೆ."

"ಕಣೆ ಗಿಣೆ ಅನ್ಬೇಡ. ನಿನ್ನ ನಂಬರಿಂದಲೇ ಬಂತು. ಅವನ ಕೈ ಒಳ್ಳೇದು ಅಂತ. ಅಕ್ಕ, ನಿಜವಾ ಅಂತ ತಿರುಗಿ ಕೇಳ್ದೆ. ನಾನಿದ್ದೀನಲ್ಲ, ಹೋಗು ಅಂತ ನೀನೇ ಅಂದೆ."

"ನನ್ನ ಫೋನು ನಿನ್ನೆಯಿಂದ ಸತ್ತು ಬಿದ್ದಿದೆ. ಯಾರೋ ನನ್ನ ನಂಬರು..."

"ಹೊಡೀತಾ ಹೊಡೀತಾ ನಗ್ತಿದ್ದ ಕಣಕ್ಕ." ಗುಬ್ಬಿಯ ಸ್ವರ ಒಡೆಯಿತು. ಅಕ್ಕ ಎಂಬ ಮಾತು ಅಭ್ಯಾಸಬಲದಿಂದ ಬಂದದ್ದು. ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು. "ನಿನಗೆ ಕೊಟ್ಟ ದುಡ್ಡು ಬೇರೆ, ನಿಮ್ಮ ಟೀಚರಮ್ಮನ ಮಾತಿಗೆ ಕೊಟ್ಟಿದ್ದು ಬೇರೆ ಅಂದ. ಹೋಗು. ನಿನ್ನ ಮುಖ ನೋಡೋಕೆ ನಂಗೆ ಇರೋದು ಒಂದೇ ಕಣ್ಣು."

ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿತ್ತು. ಆಮೇಲೆ ಬಾಗಿಲಿಗೆ ಕುರ್ಚಿ ಎಳೆದು ಒರಗಿಸಿದ ಸದ್ದೂ ಕೇಳಿತು.

ಟೀಚರ್ ಮೆಟ್ಟಿಲ ಮೇಲೆ ಕೂತಳು.

ಈ ಹೆಂಗಸರು ಒಂಟಿಯಾಗಿ ಕೆಲಸ ಮಾಡುವವರು. ನಡುವೆ ದಲ್ಲಾಳಿ ಇಲ್ಲ, ಮೇಲೆ ಯಜಮಾನಿ ಇಲ್ಲ. ಜಾಹೀರಾತು ತಾವೇ ಹಾಕುತ್ತಾರೆ, ಗಿರಾಕಿಯ ಜೊತೆ ತಾವೇ ಮಾತಾಡುತ್ತಾರೆ, ರೂಮಿಗೆ ತಾವೇ ಹೋಗುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಅವರಿಗೆ ಯಾರೂ ಇಲ್ಲ. ಪೊಲೀಸರಿಲ್ಲ, ಅಕ್ಕಪಕ್ಕದವರಿಲ್ಲ, ತಾಯಿಯಿಲ್ಲ. ಇರುವುದು ಒಬ್ಬರ ಮಾತು ಇನ್ನೊಬ್ಬರಿಗೆ. ಹೊಸ ಗಿರಾಕಿ ಕರೆದರೆ ಮೊದಲು ಯಾರ ಹತ್ತಿರ ಹೋಗಿದ್ದೆ ಎಂದು ಕೇಳುತ್ತಾರೆ. ಅವನು ಹೇಳಿದವಳನ್ನು ವಿಚಾರಿಸುತ್ತಾರೆ. 'ಕೈ ಒಳ್ಳೇದು' ಎಂದು ಬಂದರೆ ಅವನು ಹೊಡೆಯುವವನಲ್ಲ, ಹೋಗಬಹುದು. ಉತ್ತರ ಬರದಿದ್ದರೆ ಹೋಗುವುದಿಲ್ಲ. ಹೊಡೆದವನ ಸುದ್ದಿ ಅದೇ ದಿನ ಎಲ್ಲರಿಗೂ ಮುಟ್ಟುತ್ತದೆ. ಆಮೇಲೆ ಅವನಿಗೆ ಈ ಊರಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ.

ಟೀಚರ್ ಸುಲಭಕ್ಕೆ 'ಕೈ ಒಳ್ಳೇದು' ಎನ್ನುವವಳಲ್ಲ. ಅವಳು ಅಂದಳೆಂದರೆ ಯಾರೂ ಎರಡನೆಯವರನ್ನು ಕೇಳುತ್ತಿರಲಿಲ್ಲ. ಅವಳು ವರ್ಷಗಟ್ಟಲೆ ಗಳಿಸಿದ್ದರಲ್ಲಿ ಉಳಿದದ್ದು ಆ ನಂಬಿಕೆಯೊಂದೇ. ಹೊಡೆದು ಬಾಗಿಲು ಮುಚ್ಚಿಸಿಕೊಂಡಿದ್ದ ಯಾರೋ ಕೆಲವರಿಗೆ ಈಗ ಅದು ಕೀಲಿಕೈಯಾಗಿತ್ತು. ಕೀಲಿ ಮಾರುವವನೊಬ್ಬ ಎಲ್ಲೋ ಕೂತಿದ್ದ.

ಅವಳು ಮೋಸ ಹೋದದ್ದು ಆಸೆಗಲ್ಲ, ಭಯಕ್ಕೂ ಅಲ್ಲ. ಮರ್ಯಾದೆಗೆ.

ಹೋದ ವಾರ ಅವಳ ಫೋಟೋಗಳು ಇನ್ಯಾರದೋ ಹೆಸರಿನ ಜಾಹೀರಾತಿನಲ್ಲಿ ಕಾಣಿಸಿಕೊಂಡವು. ಮುಖ ಮಸುಕು ಮಾಡಿ ಹಾಕಿದ್ದ ಫೋಟೋಗಳು. ಅವಳು ತಲೆ ಕೆಡಿಸಿಕೊಂಡು ಕೂತಿದ್ದಾಗ ಫೋನ್ ಬಂತು. ಜಾಹೀರಾತಿನ ಕಂಪನಿಯಿಂದ ಎಂದ. ಸ್ವರ ಮೆತ್ತಗಿತ್ತು.

"ಮೇಡಂ, ನಿಮ್ಮ ಫೋಟೋ ಯಾರೋ ದುರುಪಯೋಗ ಮಾಡ್ಕೊಂಡಿದ್ದಾರೆ. ನಮಗೆ ತುಂಬ ಬೇಜಾರಾಯ್ತು ಮೇಡಂ. ಅದನ್ನ ಇವತ್ತೇ ತೆಗಿಸ್ತೀವಿ."

ಆ ಕೆಲಸಕ್ಕೆ ಬಂದ ಮೇಲೆ ಅವಳನ್ನು ಏಯ್ ಎಂದವರಿದ್ದರು, ಬಾರೇ ಎಂದವರಿದ್ದರು. ಮೇಡಂ ಎಂದವರಿರಲಿಲ್ಲ. ಇವನು ಉಸಿರಿಗೊಮ್ಮೆ ಮೇಡಂ ಎಂದ. ಊಟ ಆಯ್ತಾ ಮೇಡಂ ಎಂದ. ಮೋಸಗಾರರು ಜಾಸ್ತಿಯಾಗಿದ್ದಾರೆ, ಯಾರಿಗೂ ಓಟಿಪಿ ಹೇಳ್ಬೇಡಿ ಮೇಡಂ, ನಾನು ಕೇಳಿದ್ರೂ ಹೇಳ್ಬೇಡಿ ಎಂದು ಬೈದ ಹಾಗೆ ಹೇಳಿದ. ಅವಳಿಗೆ ನಗು ಬಂತು. ಧೈರ್ಯವೂ ಬಂತು.

ಕೊನೆಗೆ ಒಂದೇ ಒಂದು ಕೇಳಿದ. ಫೋಟೋದಲ್ಲಿರುವುದು ನೀವೇ ಅಂತ ನಮಗೆ ಖಾತ್ರಿಯಾಗಬೇಕಲ್ಲ ಮೇಡಂ. ಗುರುತಿನ ಚೀಟಿ ಮುಖದ ಪಕ್ಕ ಹಿಡಿದು ಒಂದು ಫೋಟೋ.

ಮುಖ ಬೇರೆ, ಹೆಸರು ಬೇರೆ. ಎರಡನ್ನೂ ಒಟ್ಟಿಗೆ ಯಾರಿಗೂ ತೋರಿಸಬಾರದು. ಇದು ಅವಳು ಹೊಸಬರಿಗೆ ಹೇಳುತ್ತಿದ್ದ ಮೊದಲ ಪಾಠ. ಅದೇ ಅವಳು ಕನ್ನಡಕ ಒರೆಸಿ, ಕೂದಲು ಸರಿ ಮಾಡಿಕೊಂಡು, ಗುರುತಿನ ಚೀಟಿ ಕೆನ್ನೆಗೆ ತಾಗಿಸಿ ಹಿಡಿದಳು. ಬೆಳಕು ಸಾಲದು ಮೇಡಂ ಎಂದ. ಕಿಟಕಿ ಹತ್ತಿರ ಹೋಗಿ ಇನ್ನೊಮ್ಮೆ ಹಿಡಿದಳು.

ಅದಾಗಿ ಕೆಲವು ದಿನಕ್ಕೆ ಫೋನು ಸತ್ತಿತು. ಅವಳು ಟವರ್ ಕೆಟ್ಟಿದೆ ಅಂದುಕೊಂಡಳು. ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದ ಅಮ್ಮ ಹೇಳಿದಳು, "ಸಾಯ್ಲಿ ಬಿಡು. ಆ ರೋಗಿಗಳು ಒಂದಿನ ನೀನಿಲ್ದೆ ಬದುಕ್ತಾರೆ. ಇನ್ನೊಂದಿಷ್ಟು ಮೇಲೆ ತಿಕ್ಕು." ಮಗಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆಂದು ಅಮ್ಮ ನಂಬಿದ್ದಾಳೆ. ಅಥವಾ ನಂಬಿದ ಹಾಗೆ ಇದ್ದಾಳೆ. ಮಗಳು ಇನ್ನೊಂದಿಷ್ಟು ತಿಕ್ಕಿ ಮಲಗಿಬಿಟ್ಟಳು.

ಬೆಳಿಗ್ಗೆ ಫೋನ್ ಕಂಪನಿಯ ಅಂಗಡಿಗೆ ಹೋದಳು. ಗಾಜಿನ ಹಿಂದೆ ಕೂತ ಹೆಂಗಸು ಕಂಪ್ಯೂಟರ್ ನೋಡಿದಳು, ಅವಳನ್ನು ನೋಡಿದಳು.

"ನಿನ್ನೆ ತಾನೇ ಇದೇ ನಂಬರಿಗೆ ಹೊಸ ಸಿಮ್ ತಗೊಂಡಿದ್ದೀರಲ್ಲ. ಹಳೇದು ಸತ್ತೇ ಹೋಗುತ್ತೆ."

"ನಾನಾ?"

"ನೀವೇ. ನೋಡಿ." ಕಂಪ್ಯೂಟರನ್ನು ಇತ್ತ ತಿರುಗಿಸಿದಳು. ಕಿಟಕಿಯ ಬೆಳಕಿನಲ್ಲಿ ನಿಂತು, ಕಾರ್ಡು ಕೆನ್ನೆಗೆ ಹಿಡಿದು ಸಣ್ಣಗೆ ನಗುತ್ತಿದ್ದ ಹೆಂಗಸು ಅವಳೇ.

"ಅದು ನಾನೇ. ಆದ್ರೆ ನಾನು ತಗೊಂಡಿಲ್ಲ."

"ನೀವೇ ಅಂತೀರ, ನೀವಲ್ಲ ಅಂತೀರ. ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು ಅದರ ಚೀಟಿ ತನ್ನಿ. ಚೀಟಿ ಇಲ್ದೆ ನಾನು ಏನೂ ನಿಲ್ಸೋಕಾಗಲ್ಲ."

ಅಂಗಡಿಯಿಂದ ಹೊರಬಿದ್ದವಳಿಗೆ ಹತ್ತಿರವಿದ್ದದ್ದು ಗುಬ್ಬಿಯ ರೂಮು. ಒಮ್ಮೆ ಗುಬ್ಬಿಗೆ ಜ್ವರ ಬಂದಾಗ ಅವಳನ್ನು ನೋಡಿಕೊಳ್ಳಲು ಅಲ್ಲಿಗೆ ಹೋಗಿದ್ದಳು. ಅವಳ ಫೋನಿನಿಂದ ಉಳಿದವರಿಗೆ ಒಂದು ಮಾತು ಹೇಳೋಣವೆಂದು ಬಂದಿದ್ದಳು. ಬಂದು ಇದನ್ನು ನೋಡಿದಳು.

ಮೆಟ್ಟಿಲಿನಿಂದ ಎದ್ದಳು. ಆ ನಂಬರು ಬದುಕಿರುವ ತನಕ ಅದು ಇನ್ನೊಬ್ಬಳನ್ನು ಇನ್ನೊಂದು ರೂಮಿಗೆ ಕಳಿಸುತ್ತದೆ. ನೇರ ಸ್ಟೇಷನ್ನಿಗೆ ನಡೆದಳು.

ದೂರು ಬರೆದುಕೊಳ್ಳುವವನು ಮೊದಲು ಕುರ್ಚಿ ತೋರಿಸಿದ. ಕೂತ್ಕೊಳ್ಳಿ ಎಂದ.

"ಏನು ಕೆಲಸ ಮಾಡ್ತೀರಿ?"

"ಮನೆಗಳಿಗೆ ಹೋಗಿ ರೋಗಿಗಳನ್ನ ನೋಡ್ಕೊಳ್ತೀನಿ."

"ಅಂಥವರ ನಂಬರ್ ಕದ್ದು ಯಾರಿಗೇನಮ್ಮ ಲಾಭ?"

ಸುಳ್ಳು ಹೇಳಿದರೆ ದೂರಿಲ್ಲ. ನಿಜ ಹೇಳಿದರೆ ತಾನಿಲ್ಲ. ಗುಬ್ಬಿಯ ಮುಚ್ಚಿದ ಕಣ್ಣು ನೆನಪಾಯಿತು. ನಿಜ ಹೇಳಿದಳು.

ಪೆನ್ನು ನಿಂತಿತು. ಪಕ್ಕದ ಮೇಜಿನವನು ತಲೆ ಎತ್ತಿದ. ಆಚೆ ನಿಂತಿದ್ದ ಇನ್ನಿಬ್ಬರು ಒಳಗೆ ಬಂದರು.

"ಎದ್ದು ನಿಂತ್ಕೋ," ಎಂದ ಬರೆಯುವವನು.

ಎದ್ದಳು.

"ಜಾಹೀರಾತು ಎಲ್ಲಿ ಹಾಕಿದ್ದೀಯ?" ಅವಳು ಹೇಳಿದಳು. ತನ್ನ ಫೋನಿನಲ್ಲಿ ಹುಡುಕಿದ. ಸಿಕ್ಕಿತು. ಪಕ್ಕದವನಿಗೆ ತೋರಿಸಿದ. ಫೋನು ಕೈಯಿಂದ ಕೈಗೆ ಹೋಯಿತು.

"ಇದ್ರಲ್ಲಿ ಕನ್ನಡಕ ಇಲ್ವಲ್ಲ. ತೆಗಿ, ನೋಡೋಣ."

ತೆಗೆದಳು. ಕನ್ನಡಕವಿಲ್ಲದೆ ಅವಳಿಗೆ ಎರಡಡಿ ಆಚೆ ಎಲ್ಲ ಮಬ್ಬು. ನಾಲ್ಕು ಖಾಕಿ ಆಕಾರಗಳು ನಗುತ್ತಿದ್ದವು. ಯಾರ ಬಾಯಿ ಯಾವುದು ಎಂದು ಗೊತ್ತಾಗಲಿಲ್ಲ.

"ತಿರುಗು."

ತಿರುಗಿದಳು. ದೂರು ಬರೆದುಕೊಂಡರೆ ಸಾಕು ಎಂದು ತಿರುಗಿದಳು. ಮೈ ನೋಡುವವರು ನೋಡಿಕೊಳ್ಳಲಿ. ಈ ಮೈಯನ್ನು ಊರು ನೋಡಿದೆ.

"ಸರಿ. ಈಗ ಕಾರ್ಡು ಮುಖದ ಪಕ್ಕ ಹಿಡ್ಕೋ. ಒಂದು ಫೋಟೋ ಬೇಕು." ತನ್ನ ಸ್ವಂತ ಫೋನನ್ನೇ ಎತ್ತಿದ.

ಅವಳ ಕೈ ಚೀಲದೊಳಗೆ ಹೋಯಿತು. ಕಾರ್ಡಿನ ಅಂಚು ಬೆರಳಿಗೆ ತಾಗಿತು. ಕೈ ಅಲ್ಲೇ ನಿಂತಿತು.

"ಇಲ್ಲ," ಎಂದಳು.

"ಏನು ಇಲ್ಲ?"

"ಹಿಡಿಯಲ್ಲ." ಕನ್ನಡಕ ಹಾಕಿಕೊಂಡಳು. ಅವನ ಮುಖ ಸ್ಪಷ್ಟವಾಯಿತು. "ಹಾಗೆ ಹಿಡಿದೇ ಹೀಗಾಗಿದ್ದು ಸಾರ್. ಕಾರ್ಡಿನ ನಂಬರು ಬರ್ಕೊಳ್ಳಿ. ನಾನು ನಿಮ್ಮೆದುರೇ ನಿಂತಿದ್ದೀನಿ, ನನ್ನ ನೋಡಿ. ಬೆರಳಚ್ಚು ತಗೊಳ್ಳಿ. ನಿಮ್ಮ ಫೋನಲ್ಲಿ ಫೋಟೋ ಬೇಡ."

"ಊರಿಗೆಲ್ಲ ತೋರಿಸೋಳಿಗೆ ನಮ್ಮ ಹತ್ರ ನಾಚಿಕೆನಾ?"

"ಊರಿಗೆ ಏನು ತೋರಿಸ್ತೀನಿ ಅನ್ನೋದು ನಾನು ತೀರ್ಮಾನ ಮಾಡ್ತೀನಿ. ಇದನ್ನ ತೋರಿಸಲ್ಲ."

ಅವನು ಪುಸ್ತಕ ಮುಚ್ಚಿದ.

"ಹಾಗಾದ್ರೆ ದೂರೂ ಇಲ್ಲ. ನಡಿ."

"ಒಬ್ಬಳಿಗೆ ಹೊಡೆದಿದ್ದಾನೆ ಸಾರ್. ಇನ್ನೊಬ್ಬಳಿಗೆ ಹೊಡೀತಾರೆ."

"ಹೊಡೆಸ್ಕೊಂಡವಳು ಬರ್ಲಿ. ಅವಳೂ ಕಾರ್ಡ್ ತರ್ಲಿ."

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಇಲ್ಲ ಅಂದದ್ದಕ್ಕೆ ಅವಳಿಗೆ ಹೆಮ್ಮೆಯಾಗಲಿಲ್ಲ. ಕಾರ್ಡು ಹಿಡಿದಿದ್ದರೆ ದೂರಿನ ಚೀಟಿ ಸಿಗುತ್ತಿತ್ತೇನೋ. ಸಿಕ್ಕಿದ್ದರೆ ನಂಬರು ನಿಲ್ಲುತ್ತಿತ್ತೇನೋ. ಹಿಡಿದರೆ ಇನ್ನೊಬ್ಬನ ಫೋನಿನಲ್ಲಿ ಅದೇ ಮುಖ, ಅದೇ ಕಾರ್ಡು. ಎರಡು ದಾರಿಯೂ ಒಂದೇ ಹೊಂಡಕ್ಕೆ ಹೋಗುತ್ತಿದ್ದವು. ಅವಳು ದೊಡ್ಡಕ್ಕನ ಅಂಗಡಿಯತ್ತ ಓಡುನಡಿಗೆಯಲ್ಲಿ ಹೊರಟಳು.

ದೊಡ್ಡಕ್ಕ ಕೆಲಸ ಬಿಟ್ಟು ಹೊಲಿಗೆ ಅಂಗಡಿ ಇಟ್ಟವಳು. ಕೆಲಸ ಬಿಟ್ಟರೂ ಈ ಹೆಂಗಸರನ್ನು ಬಿಟ್ಟಿಲ್ಲ. ಯಾರು ಎಲ್ಲಿಗೆ ಹೋದರೂ ಮೊದಲು ಅವಳಿಗೆ ತಿಳಿಸಿ ಹೋಗುತ್ತಾರೆ. ಹೊರಬಂದ ಮೇಲೆ ಅವಳಿಗೆ ಫೋನ್ ಮಾಡುತ್ತಾರೆ. ಹೊಲಿಗೆ ಯಂತ್ರದ ಮೇಲೆ ದಾರದ ಉಂಡೆಗಳ ನಡುವೆ ಅವಳ ಫೋನು ಸದಾ ಅಂಗಾತ ಬಿದ್ದಿರುತ್ತದೆ.

ಟೀಚರನ್ನು ಕಂಡು ದೊಡ್ಡಕ್ಕ ಕತ್ತರಿ ಕೆಳಗಿಡಲಿಲ್ಲ.

"ನೀನು ನೀನೇನಾ?"

"ಅಕ್ಕ, ತಮಾಷೆ ಮಾಡ್ಬೇಡ."

"ತಮಾಷೆಯಲ್ಲ. ಗುಬ್ಬಿ ಹೇಳಿದ್ಲು. ನೀನು ಅವಳನ್ನ ಮಾರಿದೆ ಅಂತ ಅವಳು. ಅಷ್ಟು ಧೈರ್ಯ ನಿನಗಿಲ್ಲ ಅಂತ ನಾನು. ಏನಾಯ್ತು ಹೇಳು."

ನಿಂತೇ ಹೇಳಿದಳು. ದೊಡ್ಡಕ್ಕ ಕೊನೆತನಕ ಕೇಳಿ ಉಸಿರುಬಿಟ್ಟಳು.

"ಮೊದಲು ಯಾರೋ ಫೋಟೋ ಕದ್ದ. ಆಮೇಲೆ ಯಾರೋ ಕರೀದೇನೆ ಸಹಾಯಕ್ಕೆ ಬಂದ. ಇಬ್ಬರೂ ಒಬ್ಬನೇ ಅಂತ ತಲೆಗೆ ಹೋಗ್ಲಿಲ್ವಾ?"

"ಹೋಗ್ಲಿಲ್ಲ."

"ಇವತ್ತೇ ಆಗ್ಬೇಕು ಅಂದ. ನಿನ್ನ ಮುಖ ಕೇಳ್ದ, ತನ್ನ ಮುಖ ತೋರಿಸ್ಲಿಲ್ಲ. ಫೋನ್ ಇಟ್ಟು, ಕಂಪನಿಗೆ ನೀನೇ ತಿರುಗಿ ವಿಚಾರಿಸಬಾರದಿತ್ತಾ? ಫೋನು ಸತ್ತಾಗ ಪಕ್ಕದ ಮನೆಯವರದ್ದು ಬದುಕಿದೆಯಾ ಅಂತ ನೋಡಬಾರದಿತ್ತಾ? ನೀನೇ ಎಲ್ಲರಿಗೂ ಹೇಳಿಕೊಡೋ ಮಾತಲ್ವೇನೇ ಇವು?"

"ಮೇಡಂ ಅಂದ ಅಕ್ಕ."

ದೊಡ್ಡಕ್ಕ ಈಗ ಕತ್ತರಿ ಕೆಳಗಿಟ್ಟಳು. ಬಟ್ಟೆಯ ಸುಕ್ಕು ತೀಡಿದಳು.

"ನಿನ್ನನ್ನೇ ಯಾಕೆ ಹಿಡಿದ ಗೊತ್ತಾ? ಹೊಸಬಳ ನಂಬರ್ ಕದ್ರೆ ಅವಳ ಮಾತು ಯಾರು ಕೇಳ್ತಾರೆ? ನಿನ್ನ ಮಾತಾದ್ರೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಹೋಗ್ತಾರೆ. ನಾನಂತೂ ಎಲ್ಲರಿಗೂ ಹೇಳಿದ್ದೀನಿ. ಟೀಚರ್ ನಂಬರಿಂದ ಏನು ಬಂದ್ರೂ ನಂಬಬೇಡಿ. ಬೇರೆ ನಂಬರಿಂದ ನಾನೇ ಟೀಚರ್ ಅಂತ ಯಾರು ಬಂದ್ರೂ ನಂಬಬೇಡಿ. ಇನ್ಮೇಲೆ ನೀನು ಏನು ಹೇಳಿದ್ರೂ ಯಾರೂ ಕೇಳಲ್ಲ. ತಪ್ಪು ತಿಳೀಬೇಡ."

"ತಿಳಿಯಲ್ಲ. ಎಲ್ಲರೂ ಓದಿದ್ದಾರಾ?"

ದೊಡ್ಡಕ್ಕ ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ಫೋನ್ ನೋಡಿದಳು. ಮೇಲಿಂದ ಕೆಳಗೆ ನೋಡಿದಳು. ಕೈ ನಿಂತಿತು.

"ಪಟಾಕಿ ಓದಿಲ್ಲ."

ಪಟಾಕಿ ಗುಂಪಿನಲ್ಲೇ ದೊಡ್ಡ ಬಾಯಿಯವಳು. ಅವಳು ನಕ್ಕರೆ ಬೀದಿ ತಿರುಗಿ ನೋಡುತ್ತಿತ್ತು.

"ಎಲ್ಲಿದ್ದಾಳೆ?"

"ನಾನು ಹೇಳೋಕಿಂತ ಮೊದಲೇ ಹೊರಟಿದ್ಲು. ದೊಡ್ಡ ರಸ್ತೆಯ ಹೋಟೆಲು, ಮೂರನೇ ಮಹಡಿ. ಹೊಸ ಗಿರಾಕಿ." ದೊಡ್ಡಕ್ಕನ ಸ್ವರ ಕೆಳಗಿಳಿಯಿತು. "ಟೀಚರ್ ಹೇಳಿದ್ದಾಳೆ, ಕೈ ಒಳ್ಳೇದಂತೆ, ಅಂತ ಹಾಕಿದ್ದಾಳೆ."

ಫೋನ್ ಮಾಡಿದಳು. ಆಫ್ ಆಗಿತ್ತು. ಒಳಗೆ ಹೋದ ಮೇಲೆ ಪಟಾಕಿ ಫೋನ್ ಆಫ್ ಮಾಡುತ್ತಾಳೆ.

"ನೀನು ಓಡು," ಎಂದಳು ದೊಡ್ಡಕ್ಕ. "ನಾನು ಫೋನ್ ಬಿಟ್ಟು ಬರೋಕಾಗಲ್ಲ. ಇನ್ನಿಬ್ಬರು ಹೊರಗಿದ್ದಾರೆ."

ಹೋಟೆಲಿನ ಬಾಗಿಲಲ್ಲಿ ಕಾವಲುಗಾರ ಅವಳನ್ನು ತಡೆಯಲಿಲ್ಲ. ಕನ್ನಡಕ ನೋಡಿ ಗೌರವಸ್ಥೆ ಅಂದುಕೊಂಡ. ಒಳಗೆ ತಣ್ಣಗಿತ್ತು. ಎತ್ತರದ ಮೇಜಿನ ಹಿಂದೆ ಟೈ ಕಟ್ಟಿದವನು ನಗುತ್ತಿದ್ದ.

"ಮೂರನೇ ಮಹಡಿಗೆ ಹೋಗ್ಬೇಕು. ನನ್ನ ತಂಗಿ ಇದ್ದಾಳೆ. ಅರ್ಜೆಂಟು."

"ಹೆಸರು?"

ಪಟಾಕಿಯ ಹೆಸರು ಅವಳಿಗೆ ಗೊತ್ತಿಲ್ಲ. ಪಟಾಕಿಗೆ ಅವಳದ್ದು ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಕ್ಷೇಮ ಎಂದು ಇಷ್ಟು ವರ್ಷ ಬದುಕಿದ್ದರು.

"ಹೆಸರು ಬೇಡ. ಕೆಂಪು ಚೀಲ, ಉದ್ದ ಜಡೆ. ಈಗಷ್ಟೇ ಮೇಲೆ ಹೋದ್ಲು."

ನಗು ಹೋಯಿತು. "ನಿಮ್ಮ ಐಡಿ ಕೊಡಿ."

ಸ್ಟೇಷನ್ನಿನಲ್ಲಿ ಕೊಡದ ಕಾರ್ಡನ್ನು ಅವಳು ಚೀಲದಿಂದ ಸೆಳೆದು ಮೇಜಿನ ಮೇಲೆ ಒಗೆದಳು. ಅವನು ನಿಧಾನಕ್ಕೆ ಅದರ ಕಾಪಿ ತೆಗೆದ. ಹಿಂದೆ ಮುಂದೆ ಎರಡೂ ಕಡೆ ತೆಗೆದ. ಆಮೇಲೆ ಮೂರನೇ ಮಹಡಿಯ ಒಂದು ರೂಮಿಗೆ ಫೋನ್ ಮಾಡಿದ. ಸಾರ್, ಡಿಸ್ಟರ್ಬ್ ಮಾಡಿದ್ದಕ್ಕೆ ಕ್ಷಮಿಸಿ ಎಂದ. ಕೇಳಿಸಿಕೊಂಡ. ಇಟ್ಟ.

"ಅವರು ಒಬ್ಬರೇ ಇದ್ದಾರಂತೆ."

"ಸುಳ್ಳು. ಬಾಗಿಲು ತೆಗೆಸಿ ನೋಡಿ."

"ಗೆಸ್ಟ್ ಅವರು. ನೀವು ಯಾರು?"

ಅವಳು ಮೆಟ್ಟಿಲ ಕಡೆ ಓಡಿದಳು. ಕಾವಲುಗಾರ ಬಂದು ಅಡ್ಡ ನಿಂತ. ಈಗ ಅವನಿಗೂ ಅರ್ಥವಾಗಿತ್ತು. "ಆಚೆ ನಡಿ. ನಿಮ್ಮಂಥವರ ಜಗಳ ಬೀದೀಲಿ ಇಟ್ಕೊಳ್ಳಿ." ತೋಳು ಹಿಡಿದು ಎಳೆದ. ಗೋಡೆಯ ಮೇಲೆ, ಅವಳ ತಲೆಯ ಎತ್ತರಕ್ಕೆ, ಕೆಂಪು ಡಬ್ಬಿಯಿತ್ತು. ಬೆಂಕಿ ಬಿದ್ದರೆ ಗಾಜು ಒಡೆಯಿರಿ ಎಂದು ಬರೆದಿತ್ತು.

ಬೆಂಕಿ ಬಿದ್ದಿತ್ತು. ಅವಳು ಮೊಣಕೈಯಿಂದ ಗುದ್ದಿದಳು.

ಗಂಟೆ ಇಡೀ ಕಟ್ಟಡವನ್ನು ಹಿಡಿದು ಅಲ್ಲಾಡಿಸಿತು. ಬಾಗಿಲುಗಳು ಬಡಿದುಕೊಂಡವು. ಒದ್ದೆ ತಲೆಯವರು, ಬರಿಗಾಲಿನವರು, ಟವೆಲು ಸುತ್ತಿದವರು, ಸೂಟ್‌ಕೇಸ್ ಬಿಡದವರು ಮೆಟ್ಟಿಲು ತುಂಬ ಇಳಿದರು. ಟೀಚರ್ ಒಂದೊಂದೇ ಮುಖ ನೋಡಿದಳು. ಮೊಣಕೈಯಿಂದ ರಕ್ತ ಬಿಳಿ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಪಟಾಕಿ ಕೊನೆಗೆ ಬಂದಳು. ಚಪ್ಪಲಿಯಿಲ್ಲ. ಜಡೆ ಬಿಚ್ಚಿತ್ತು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು, ಬೇರೆ ಯಾರದ್ದೋ ಕೈಯನ್ನು ಹೊತ್ತು ತಂದವಳ ಹಾಗೆ. ನಡೆದು ಬಂದಳು. ಬದುಕಿದ್ದಳು.

ಅವಳ ಹಿಂದೆ ಅವನು. ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತ, ನೆರೆತ ಮೀಸೆ ಸವರುತ್ತ, ಯಾರದೋ ಮನೆಯ ಒಳ್ಳೆಯ ಮಾವನಂತೆ ಇಳಿದ. ಟೀಚರ್ ಎದುರು ಒಂದು ಕ್ಷಣ ನಿಂತ.

"ಎಲ್ಲಿದೆಯಮ್ಮ ಬೆಂಕಿ?" ಎಂದು ಮೆಲ್ಲಗೆ ಕೇಳಿದ.

"ಇವನೇ!" ಅವಳು ಕಿರುಚಿದಳು. "ಇವನನ್ನ ಹಿಡೀರಿ! ಅವಳ ಕೈ ನೋಡಿ!"

ಕಾವಲುಗಾರ ಹಿಡಿದದ್ದು ಟೀಚರನ್ನು. ಎರಡೂ ತೋಳು ಹಿಂದಕ್ಕೆ ತಿರುಚಿದ. ಟೈ ಕಟ್ಟಿದವನು ಫೋನಿನಲ್ಲಿ ಪೊಲೀಸರಿಗೆ ಹೇಳುತ್ತಿದ್ದ, ಹೌದು ಸಾರ್, ಐಡಿ ಇದೆ, ಕಾಪಿ ಇದೆ. ಜನ ಸುತ್ತ ಸೇರಿದರು. ಹಲವರು ಫೋನ್ ಎತ್ತಿ ಅವಳ ಮುಖ ತುಂಬಿಕೊಂಡರು.

ಕಾವಲುಗಾರ ಹಿಡಿತ ಬಿಡದೆಯೇ ಪಟಾಕಿಯನ್ನು ಕೂಗಿ ನಿಲ್ಲಿಸಿದ. "ಈಯಮ್ಮ ನಿಮ್ಮನ್ನ ಕೇಳ್ಕೊಂಡು ಬಂದಿದ್ಲು. ಗೊತ್ತಾ ನಿಮಗೆ?"

ಪಟಾಕಿ ನೋಡಿದಳು. ಗೊತ್ತು ಎಂದರೆ ಅವಳೂ ಸಿಕ್ಕಿಬೀಳುತ್ತಾಳೆ. ಹೊರಗೆ ಒಬ್ಬಳನ್ನು ಹಿಡಿದರೆ ಇನ್ನೊಬ್ಬಳು ಗುರುತು ಹೇಳಬಾರದು, ಸುಮ್ಮನೆ ದಾಟಿ ಹೋಗಬೇಕು ಎಂದು ಅವರಲ್ಲಿ ಮಾತಿದೆ. ಆದರೆ ಆ ಕಣ್ಣುಗಳಲ್ಲಿ ಇದ್ದದ್ದು ಆ ಮಾತೋ, ಗುಬ್ಬಿಯ ಬಾಗಿಲಲ್ಲಿ ಕಂಡ ಸಿಟ್ಟೋ, ಟೀಚರಿಗೆ ತಿಳಿಯಲಿಲ್ಲ. ಕನ್ನಡಕ ಮೂಗಿನಿಂದ ಜಾರಿ ಒಂದೇ ಕಿವಿಗೆ ನೇತಾಡುತ್ತಿತ್ತು. ಪಟಾಕಿಯ ಮುಖ ಮಬ್ಬಾಗಿತ್ತು.

"ಗೊತ್ತಿಲ್ಲ," ಎಂದಿತು ಆ ಮಬ್ಬು.

"ಕನ್ನಡಕ ಸರಿ ಮಾಡ್ರಪ್ಪ," ಎಂದು ಟೀಚರ್ ಬೇಡಿದಳು. "ಒಂದ್ಸಲ. ಅವಳ ಮುಖ ನೋಡ್ಬೇಕು."

ಯಾರೂ ಸರಿ ಮಾಡಲಿಲ್ಲ. ತೋಳು ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ. ತೆರೆದ ಬಾಗಿಲಲ್ಲಿ ಎರಡು ಆಕಾರಗಳು ಬಿಸಿಲಿಗೆ ಇಳಿದವು. ಎತ್ತರದ್ದು ಅವನು, ಗಿಡ್ಡದ್ದು ಪಟಾಕಿ. ಎತ್ತರದ್ದು ಎಡಕ್ಕೆ ತಿರುಗಿತು. ಗಿಡ್ಡದ್ದು ನಿಂತಿತು, ಆ ಕಡೆ ನೋಡಿತು, ಬಲಕ್ಕೆ ಓಡಿತು. ಟೀಚರ್ ಕಣ್ಣು ಕಿರಿದು ಮಾಡಿಕೊಂಡು, ಎರಡೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲವೆಂದು ಖಾತ್ರಿಯಾಗುವ ತನಕ, ಬಾಗಿಲನ್ನೇ ನೋಡುತ್ತ ನಿಂತಳು.